ಮೂಸಿಯ ದಂಡೆಯಲ್ಲಿ ವಿಶ್ವೇಶ್ವರಯ್ಯನವರು

ನಮ್ಮ ಶಾಲೆಯಲ್ಲಿ ಓದಿದ ಯಾರನ್ನೇ ಎಬ್ಬಿಸಿ ಕೇಳಿದರೂ ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ ಒಂದು ಪುಟದ ಪ್ರಬಂಧವನ್ನು ನೋಡದೆ ಬರೆಯಬಲ್ಲರು. ಮುದ್ದೇನಹಳ್ಳಿ, ಬೀದಿ ದೀಪ, ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾಲಯ, ಭಾರತರತ್ನ, ಅಲ್ಲಿಗೆ ಹತ್ತು ಅಂಕ. ನಾನೂ ಹಾಗೆಯೇ ಬರೆದವನು. ಮುಂದೆ ಬಿ.ಇ. ಮುಗಿಸಿದಾಗ ಕೈಗೆ ಬಂದ ಪ್ರಮಾಣಪತ್ರದ ಮೇಲೂ ಅವರದೇ ಹೆಸರಿತ್ತು. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ಅವರ ಹೆಸರನ್ನೇ ಅಲ್ಲವೇ. ಆದರೆ ಅವರ ಬದುಕಿನಲ್ಲಿ ಕನ್ನಂಬಾಡಿಗಿಂತ ಮುಂಚಿನ ಏಳು ತಿಂಗಳುಗಳಿವೆ. ನಮ್ಮ ಪ್ರಬಂಧಗಳಲ್ಲಿ ಅವಕ್ಕೆ ಒಂದು ಸಾಲೂ ಸಿಗುವುದಿಲ್ಲ. ನೌಕರಿಗಾಗಿ ಹೈದರಾಬಾದಿಗೆ ಹೋದ ಮೇಲೆಯೇ ನನಗೆ ಅವುಗಳ ಪರಿಚಯವಾದದ್ದು. ನೆರೆಯಲ್ಲಿ ಕೊಚ್ಚಿಹೋದ, ಊರ ನಟ್ಟನಡುವಿನ ನದಿ ದಂಡೆಯ ಪೇಟೆಯೊಂದನ್ನು ಮತ್ತೆ ಹೇಗೆ ಎಬ್ಬಿಸಿ ನಿಲ್ಲಿಸಬೇಕು ಎಂಬುದು ಆ ತಿಂಗಳುಗಳ ಕೆಲಸ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಾವೆಲ್ಲ ಕೆರೆಗಳ ಊರಿನವರು. ಆದ್ದರಿಂದ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ಇದನ್ನೇ ಆರಿಸಿಕೊಂಡೆ.

ಬಾಲ್ಯದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಹೊಟ್ಟೆಪಾಡಿಗೆ ಮಕ್ಕಳಿಗೆ ಮನೆಪಾಠ. ಬೀದಿ ದೀಪದ ಕಥೆ ನಮ್ಮಲ್ಲಿ ದೊಡ್ಡವರಾದ ಎಲ್ಲರಿಗೂ ಅಂಟಿಕೊಳ್ಳುವಂಥದ್ದು, ಅದನ್ನು ಬಿಟ್ಟುಬಿಡೋಣ. ಮನೆಪಾಠದ ಸಂಬಳ ಮತ್ತು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ, ಇವೆರಡರಿಂದ ಅವರು ಓದಿದ್ದು ಖಂಡಿತ. ಆ ವೇತನದ ಬಲದಿಂದಲೇ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ಸಿಕ್ಕಿತು.

ಇಲ್ಲಿ ನಮ್ಮ ಊರಿನವರು ಒಂದು ವಿಷಯವನ್ನು ನೆನಪಿಟ್ಟುಕೊಳ್ಳಬೇಕು. ಆ ಕಾಲದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಇದ್ದದ್ದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ. ಮೈಸೂರು ಸೀಮೆ ತುಂಗಭದ್ರೆಯ ಆಚೆ, ಹರಿಹರದಿಂದ ಶುರು. ಅಂದರೆ ಮೈಸೂರಿನವರು ತಮ್ಮವರು ಎಂದು ಹೇಳಿಕೊಳ್ಳುವ ಈ ಇಂಜಿನಿಯರ್ ಇಪ್ಪತ್ತನಾಲ್ಕು ವರ್ಷಗಳಷ್ಟು ಕಾಲ ದುಡಿದದ್ದು ನಮ್ಮ ಅಜ್ಜಂದಿರನ್ನು ಆಳುತ್ತಿದ್ದ ಸರ್ಕಾರದಲ್ಲಿ. ಧಾರವಾಡ ಮತ್ತು ವಿಜಾಪುರಗಳ ನೀರು ಸರಬರಾಜಿನ ಯೋಜನೆಗಳಿಗೂ ಅವರ ಕೈ ತಾಗಿದೆ. ಪುಣೆಗೂ ಬೆಂಗಳೂರಿಗೂ ನಡುವಿನ ಹಳೆಯ ಮೀಟರ್ ಗೇಜ್ ರೈಲು ನಮ್ಮ ಮೂರೂ ಸ್ಟೇಷನ್ನುಗಳ ಮೇಲೇ ಹೋಗುತ್ತಿತ್ತು.

ಆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ನೀರಿನ ಹಿಂದೆಯೇ ಓಡಾಡಿದರು. ಅದರಲ್ಲಿ ಎರಡು ಕೆಲಸಗಳನ್ನು ಹೇಳದೆ ಮೂಸಿಯ ಕಥೆಗೆ ಹೋಗಲಾರೆ. ಮೊದಲನೆಯದು ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದ್ದು. ಈಗ ಅದು ಪಾಕಿಸ್ತಾನದಲ್ಲಿದೆ. ಸಿಂಧೂ ನದಿಯ ದಂಡೆಯಲ್ಲೇ ಇರುವ ಊರು, ಆದರೆ ಕುಡಿಯುವ ನೀರು ಕೆಸರು ಕೆಸರು. ನೀರನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ದಂಡೆಗೆ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೆಗೆಸಿದರು. ಮರಳಿನೊಳಗೆ ಜಿನುಗಿ ಬಂದ ನೀರು ತಾನೇ ತಿಳಿಯಾಗಿ ಬಾವಿಗೆ ಇಳಿಯಿತು, ಅಲ್ಲಿಂದ ಅದನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿದರು. ಇದು 1890ರ ದಶಕದ ಮಾತು. ಬೇಸಿಗೆಯಲ್ಲಿ ವರದಾ ನದಿಯ ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಸಿಕೊಂಡ ನಮ್ಮ ಹೆಣ್ಣುಮಕ್ಕಳಿಗೆ ಇದರ ತತ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಪುಣೆಯ ಹತ್ತಿರದ ಖಡಕವಾಸ್ಲಾ. ಅಲ್ಲಿನ ಕೆರೆ ಮಳೆಗಾಲದಲ್ಲಿ ತುಂಬಿ ಕೋಡಿ ಬೀಳುತ್ತಿತ್ತು, ಬೇಸಿಗೆಗೆ ಊರಿಗೆ ನೀರು ಸಾಲುತ್ತಿರಲಿಲ್ಲ. ಒಡ್ಡನ್ನು ಎತ್ತರಿಸಿದರೆ ಹಳೆಯ ಕಟ್ಟಡ ತಡೆದೀತೆಂಬ ಧೈರ್ಯ ಯಾರಿಗೂ ಇರಲಿಲ್ಲ. ಅವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂಡಿಸಿದರು. ನೀರು ಒಂದು ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ, ಅದನ್ನು ದಾಟಿದ ಕೂಡಲೇ ನೀರಿನ ಭಾರಕ್ಕೇ ತೆರೆದುಕೊಳ್ಳುತ್ತದೆ, ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಕೂಡಿಸಿದ ಈ ಬಾಗಿಲುಗಳಿಂದ ಕೆರೆಯಲ್ಲಿ ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ರಾತ್ರಿ ಕಾವಲುಗಾರ ನಿದ್ದೆ ಹೋದರೂ ಬಾಗಿಲು ತನ್ನ ಕೆಲಸ ಮಾಡುತ್ತದೆ. ಸಾಫ್ಟ್‌ವೇರ್ ಬರೆದು ಬದುಕುವ ನಮ್ಮಂಥವರು ಕಲಿಯಬೇಕಾದ ಮೊದಲ ಪಾಠ ಇದು ಎಂದು ನನಗೆ ಅನ್ನಿಸಿದೆ.

1908ರ ಹೊತ್ತಿಗೆ ಅವರು ಆ ನೌಕರಿಯನ್ನು ಬಿಟ್ಟರು. ಮುಂಬಯಿ ಇಲಾಖೆಯ ತುದಿಯ ಹುದ್ದೆಗೆ ಭಾರತೀಯನೊಬ್ಬ ಏರುವ ಕಾಲ ಇನ್ನೂ ಬಂದಿರಲಿಲ್ಲ. ನಿವೃತ್ತಿ ಕೇಳಿ ಪಡೆದು, ಯುರೋಪು ಅಮೆರಿಕಗಳ ಕೆಲಸಗಳನ್ನು ನೋಡಿಬರಲು ಹಡಗು ಹತ್ತಿದರು. ಆ ಪ್ರವಾಸದ ನಡುವೆಯೇ ಹೈದರಾಬಾದಿನ ನಿಜಾಮರ ಸರ್ಕಾರದಿಂದ ಕರೆ ಬಂತು.

ಕರೆ ಏಕೆ ಬಂತು ಎಂದು ತಿಳಿಯಲು ಆ ಊರಿನ ನಕ್ಷೆಯನ್ನು ಸ್ವಲ್ಪ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು. ಮೂಸಿ ನದಿ ಹೈದರಾಬಾದಿನ ಹೊಟ್ಟೆಯನ್ನೇ ಸೀಳಿಕೊಂಡು ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ. ತೆಂಕಣ ದಂಡೆಯಲ್ಲಿ ಚಾರ್‌ಮಿನಾರ್ ಇರುವ ಹಳೆಯ ಊರು, ಬಡಗಣ ದಂಡೆಯಲ್ಲಿ ಅಫ್ಜಲ್‌ಗಂಜ್ ಎಂಬ ಪೇಟೆ. ಐದನೆಯ ನಿಜಾಮ ಅಫ್ಜಲ್‌ಉದ್ದೌಲಾ ಅವರ ಹೆಸರಿನ ಪೇಟೆ ಅದು. ಕಾಳುಕಡಿಯ ವ್ಯಾಪಾರ, ಆಸ್ಪತ್ರೆ, ಮಸೀದಿ, ಗುಡಿ, ಅಂಗಡಿ, ಅಂಗಡಿಯ ಮೇಲೆ ಮನೆ, ಮನೆಯ ಹಿಂದೆ ಗುಡಿಸಲು, ಗುಡಿಸಲ ಹಿಂದೆ ನದಿ. ನಮ್ಮ ಬ್ಯಾಡಗಿಯ ಪೇಟೆಯ ಓಣಿಗಳನ್ನು ನೋಡಿದವರಿಗೆ ಇಂಥ ಜಾಗ ಹೊಸದಲ್ಲ. ವ್ಯಾಪಾರಿಯೂ ಅಲ್ಲೇ, ಹಮಾಲನೂ ಅಲ್ಲೇ, ಇಬ್ಬರ ಮಕ್ಕಳೂ ಒಂದೇ ಓಣಿಯಲ್ಲಿ ಆಡುತ್ತಾರೆ. ಎರಡೂ ದಂಡೆಗಳನ್ನು ಸೇತುವೆಗಳು ಕೂಡಿಸಿದ್ದವು. ಅವುಗಳಲ್ಲಿ ಹಳೆಯದಾದ ಪುರಾನಾ ಪುಲ್ ಕುತುಬ್‌ಶಾಹಿಗಳ ಕಾಲದ್ದು.

1908ರ ಸೆಪ್ಟೆಂಬರ್ 28ರಂದು ಆ ನದಿ ಊರೊಳಗೆ ನುಗ್ಗಿತು. ಸುಮಾರು 15,000 ಜನ ಸತ್ತರು, 19,000ದಷ್ಟು ಮನೆಗಳು ಕುಸಿದವು, 80,000 ಜನಕ್ಕೆ ನೆಲೆಯಿಲ್ಲದಾಯಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮುರಿದವು. ಅಫ್ಜಲ್‌ಗಂಜಿನ ಆಸ್ಪತ್ರೆ ಹೋಯಿತು. ಆಸ್ಪತ್ರೆಯ ಆವರಣದ ಒಂದು ಹುಣಸೆಮರವನ್ನು ಹತ್ತಿ ಕುಳಿತ ನೂರೈವತ್ತು ಜನ ಬದುಕಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಇಂದಿಗೂ ತೋರಿಸುತ್ತಾರೆ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು ಅರಮನೆಯ ಬಾಗಿಲುಗಳನ್ನು ತೆರೆಸಿ ನಿರಾಶ್ರಿತರನ್ನು ಒಳಗೆ ಬಿಟ್ಟುಕೊಂಡರು. ಮುನಿದ ನದಿಗೆ ಅವರು ಸೀರೆ, ಅರಿಶಿನ ಕುಂಕುಮ ಒಪ್ಪಿಸಿ ಪೂಜಿಸಿದರು ಎಂಬ ಮಾತೂ ಅಲ್ಲಿನ ಜನರ ಬಾಯಲ್ಲಿದೆ. ನಮ್ಮಲ್ಲಿ ಕೆರೆ ತುಂಬಿದಾಗ ಬಾಗಿನ ಬಿಡುವವರಿಗೆ ಇದು ವಿಚಿತ್ರವೆನಿಸಲಿಕ್ಕಿಲ್ಲ.

ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದು ಕೆಲಸ ವಹಿಸಿಕೊಂಡದ್ದು 1909ರ ಏಪ್ರಿಲ್‌ನಲ್ಲಿ. ಅವರಿಗೆ ಒಪ್ಪಿಸಿದ ಕೆಲಸ ಮೂರು ಬಗೆಯದು: ಊರನ್ನು ಮತ್ತೆ ಕಟ್ಟಲು ಸಲಹೆ, ಇನ್ನೊಮ್ಮೆ ಇಂಥ ನೆರೆ ಬರದಂತೆ ತಡೆ, ಊರಿಗೆ ಪೂರ್ತಿಯಾದ ಒಳಚರಂಡಿ. ಬೇರೆ ಯಾರಾದರೂ ಆಗಿದ್ದರೆ ಮೊದಲು ಅಫ್ಜಲ್‌ಗಂಜಿಗೆ ಹೋಗಿ ಎಲ್ಲೆಲ್ಲಿ ಗೋಡೆ ಕಟ್ಟಬೇಕು ಎಂದು ಸುಣ್ಣದ ಗೆರೆ ಎಳೆಸುತ್ತಿದ್ದರೇನೋ. ಅವರು ಊರನ್ನು ಬಿಟ್ಟು ನದಿಯ ಮೇಲಕ್ಕೆ ಹೋದರು. ಮಳೆ ಎಲ್ಲಿ ಬಿತ್ತು, ಎಷ್ಟು ಬಿತ್ತು, ಎಷ್ಟು ಹೊತ್ತಿಗೆ ಊರು ಮುಟ್ಟಿತು ಎಂಬ ಲೆಕ್ಕ ಮೊದಲು ಬೇಕಾಗಿತ್ತು. ಸಂಸ್ಥಾನದಲ್ಲಿ ಸಾಕಷ್ಟು ಮಳೆಯ ದಾಖಲೆಗಳಿರಲಿಲ್ಲ. ಮುಂಬಯಿ, ಮದ್ರಾಸು ಪ್ರಾಂತ್ಯಗಳಿಂದಲೂ ಅಂಕಿಗಳನ್ನು ತರಿಸಿ ತಾಳೆ ನೋಡಿದರು. ಗೋಡೆಗಳ ಮೇಲೆ ನೆರೆ ಬಿಟ್ಟುಹೋದ ಗುರುತುಗಳನ್ನು ಅಳೆದರು. ನೆರೆಯ ತುದಿ ಹೊತ್ತಿನಲ್ಲಿ ನದಿಯಲ್ಲಿ ನಾಲ್ಕು ಲಕ್ಷ ಕ್ಯುಸೆಕ್ಸಿಗೂ ಹೆಚ್ಚು ನೀರು ಹರಿದಿತ್ತು ಎಂದು ಲೆಕ್ಕ ಸಿಕ್ಕಿತು. ಊರೊಳಗಿನ ಪಾತ್ರಕ್ಕೆ ಅದರ ಒಂದು ಪಾಲನ್ನು ಮಾತ್ರ ತಡೆದುಕೊಳ್ಳುವ ಶಕ್ತಿಯಿತ್ತು. ದಂಡೆಯ ಮೇಲೆ ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಈ ಲೆಕ್ಕ ಕೂಡುವುದಿಲ್ಲ.

ಮೇಲೆ ಹೋದಾಗ ಅವರಿಗೆ ಕಂಡ ಇನ್ನೊಂದು ಸಂಗತಿ ನಮ್ಮವರ ಕಿವಿ ನಿಮಿರಿಸುವಂಥದ್ದು. ಊರಿನ ಮೇಲ್ಭಾಗದ ಮೂಸಿಯ ಜಲಾನಯನದಲ್ಲಿ ಸುಮಾರು ಎಂಟುನೂರು ಕೆರೆಗಳಿದ್ದವು. ಆ ಮಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು, ಬಹುಮಟ್ಟಿಗೆ ಚಿಕ್ಕವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಂದೇ ಏಟಿಗೆ ಕೆಳಗಿನ ಕೆರೆಗೆ ಬಂದು ಬೀಳುತ್ತದೆ, ಅದೂ ಒಡೆಯುತ್ತದೆ. ಮಾಲೆಯ ದಾರ ಹರಿದಂತೆ. ನಮ್ಮ ಜಿಲ್ಲೆಯ ಕೆರೆಗಳೂ ಹೀಗೆ ಒಂದರ ಕೋಡಿ ಇನ್ನೊಂದರ ಹೊಟ್ಟೆಗೆ ಬೀಳುವಂತೆ ಕಟ್ಟಿದವು. ಮದಗ ಮಾಸೂರಿನ ಕೆರೆಯ ಒಡ್ಡಿನ ಮೇಲೆ ನಿಂತವರಿಗೆ ಅಷ್ಟು ನೀರು ಒಮ್ಮೆಲೇ ಬಿಡುಗಡೆಯಾದರೆ ಏನಾದೀತೆಂಬ ಅಂದಾಜು ಹೊಟ್ಟೆಯಲ್ಲೇ ಆಗುತ್ತದೆ. ಊರ ನಡುವಿನ ಒಂದು ಓಣಿಯ ಹಣೆಬರಹ ಹತ್ತಾರು ಮೈಲಿ ದೂರದ, ಯಾರೂ ಹೂಳೆತ್ತದ, ಕೋಡಿ ಸರಿಮಾಡದ ಒಂದು ಹಳ್ಳಿಗೆರೆಯ ಕೈಯಲ್ಲಿರುತ್ತದೆ ಎಂಬುದನ್ನು ಅವರು ಅಂಕಿಗಳಲ್ಲಿ ತೋರಿಸಿದರು.

1909ರ ಅಕ್ಟೋಬರ್ ಮೊದಲಲ್ಲಿ ವರದಿ ಸಿದ್ಧವಾಯಿತು. ಅದರ ತಿರುಳು ಎರಡು ಜಲಾಶಯ. ಒಂದು ಊರಿನಿಂದ ಎಂಟೂವರೆ ಮೈಲಿ ಮೇಲೆ ಮೂಸಿಗೆ ಅಡ್ಡವಾಗಿ, ಇನ್ನೊಂದು ಆರೂವರೆ ಮೈಲಿ ಮೇಲೆ ಅದರ ಉಪನದಿಯಾದ ಈಸಿಗೆ ಅಡ್ಡವಾಗಿ. ಮೊದಲನೆಯದು 1920ರಲ್ಲಿ ಮುಗಿದು ಏಳನೆಯ ನಿಜಾಮರ ಹೆಸರಿನಲ್ಲಿ ಉಸ್ಮಾನ್ ಸಾಗರವಾಯಿತು, ಜನ ಕರೆಯುವುದು ಗಂಡಿಪೇಟೆ ಎಂದು. ಎರಡನೆಯದು 1927ರಲ್ಲಿ ಮುಗಿದು ಅವರ ಮಗನ ಹೆಸರಿನ ಹಿಮಾಯತ್ ಸಾಗರವಾಯಿತು. ಎರಡೂ ನೆರೆಯನ್ನು ತಡೆಯಬೇಕು, ಎರಡೂ ಊರಿಗೆ ಕುಡಿಯುವ ನೀರು ಕೊಡಬೇಕು.

ಈ ಎರಡು ಕೆಲಸಗಳು ಒಂದಕ್ಕೊಂದು ಎದುರು ಎಂಬುದು ಮೇಲುನೋಟಕ್ಕೆ ಹೊಳೆಯುವುದಿಲ್ಲ. ಕುಡಿಯುವ ನೀರಿಗಾದರೆ ಕೆರೆ ತುಂಬಿರಬೇಕು. ನೆರೆ ತಡೆಯುವುದಕ್ಕಾದರೆ ಕೆರೆ ಖಾಲಿಯಿರಬೇಕು. ತುಂಬಿದ ಕೆರೆ ಬರುವ ನೀರನ್ನು ಹಾಗೆಯೇ ಕೆಳಗೆ ದಾಟಿಸುತ್ತದೆ, ಅದರಿಂದ ಊರಿಗೇನೂ ಉಪಕಾರವಿಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ಮಾರುಕಟ್ಟೆಯ ಅಂಗಳ ಚೀಲಗಳಿಂದ ತುಂಬಿಹೋದರೆ ಹೊಸ ಲಾರಿಗಳೆಲ್ಲ ರಸ್ತೆಯಲ್ಲೇ ನಿಲ್ಲುತ್ತವೆ. ಅಂಗಳದಲ್ಲಿ ಒಂದಿಷ್ಟು ಜಾಗ ಯಾವಾಗಲೂ ಬಿಟ್ಟಿದ್ದರೆ ಲಾರಿ ಬಂದ ಹಾಗೆ ಒಳಗೆ ತೆಗೆದುಕೊಂಡು ನಿಧಾನವಾಗಿ ಖಾಲಿ ಮಾಡಬಹುದು. ಜಲಾಶಯದ ಮೇಲ್ಭಾಗದಲ್ಲಿ ಇಂಥ ಖಾಲಿ ಜಾಗವನ್ನು ಅವರು ಲೆಕ್ಕ ಹಾಕಿ ಇಟ್ಟರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನು ಬಫರ್ ಎನ್ನುತ್ತೇವೆ. ಖಾಲಿ ಬಿದ್ದ ಜಾಗ ಕಂಡರೆ ಏನಾದರೂ ತುಂಬಿಬಿಡಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಆ ಜಾಗಕ್ಕೂ ಒಂದು ಕೆಲಸವಿದೆ ಎಂದು ದೊಡ್ಡವರಿಗೆ ಒಪ್ಪಿಸುವುದು ಅಂದಿಗೂ ಇಂದಿಗೂ ಕಷ್ಟ.

ನೀರು ಮೇಲೆಯೇ ನಿಲ್ಲುವ ಏರ್ಪಾಡಾದ ಮೇಲೆ ಊರೊಳಗಿನ ದಂಡೆಯ ಮಾತು. ದಂಡೆಗಳನ್ನು ಎತ್ತರಿಸಿ ಕಟ್ಟುವುದು, ನದಿಯ ಬದಿಗೆ ಓಡಾಡುವ ದಾರಿ ಮತ್ತು ತೋಟಗಳನ್ನು ಮಾಡುವುದು ಅವರ ಸಲಹೆಗಳಲ್ಲಿತ್ತು. ಅದಕ್ಕೂ ಮೊದಲು ಗಟಾರ. ಅಲ್ಲಿಯವರೆಗೆ ಊರಿನ ಕೊಳಚೆಯೆಲ್ಲ ತೆರೆದ ಗಟಾರಗಳಲ್ಲಿ ನದಿಗೇ ಬೀಳುತ್ತಿತ್ತು. ಅದನ್ನು ನದಿಗೆ ಬಿಡದೆ ದಂಡೆಗುಂಟ ಹಾಯುವ ದೊಡ್ಡ ಕೊಳವೆಗಳಲ್ಲಿ ಹಿಡಿದು, ಊರಾಚೆ ಅಂಬರಪೇಟೆಯ ಕಡೆಗೆ ಒಯ್ದು ಹೊಲಗಳಿಗೆ ಬಿಡುವ ವ್ಯವಸ್ಥೆಯಾಗಬೇಕು ಎಂದರು. ಅಂದರೆ ಮೊದಲು ಮೇಲಿನ ನೀರು, ಆಮೇಲೆ ಊರಿನ ಗಟಾರ, ಅದಾದ ಮೇಲೆ ದಂಡೆಯ ತೋಟ.

ಮುಂದಿನ ಕೆಲಸವನ್ನು ಅವರು ಅಲ್ಲಿದ್ದು ನೋಡಲಿಲ್ಲ. ಅದೇ ನವೆಂಬರ್‌ನಲ್ಲಿ ಮೈಸೂರು ಅವರನ್ನು ಮುಖ್ಯ ಇಂಜಿನಿಯರ್ ಆಗಿ ಕರೆಸಿಕೊಂಡಿತು. ಹೈದರಾಬಾದಿನಲ್ಲಿ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಎರಡೂ ದಂಡೆಗಳಲ್ಲಿ ಒಂದೊಂದಾಗಿ ದೊಡ್ಡ ಕಟ್ಟಡಗಳು ಎದ್ದವು. ತೆಂಕಣ ದಂಡೆಯಲ್ಲಿ ಹೈಕೋರ್ಟು ಮತ್ತು ಸಿಟಿ ಕಾಲೇಜು, ಎದುರು ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆ, ಆಮೇಲೆ 1936ರಲ್ಲಿ ಅದರ ಪಕ್ಕದಲ್ಲೇ ದೊಡ್ಡ ಗ್ರಂಥಾಲಯ. ವಿನ್ಸೆಂಟ್ ಎಶ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಇವುಗಳಲ್ಲಿ ಮೊದಲ ಮೂರಕ್ಕೆ ರೂಪ ಕೊಟ್ಟವರು. ನನಗೆ ಇಷ್ಟವಾಗುವುದು ಈ ಆಯ್ಕೆ. ನದಿಯ ಕಡೆಗೆ ಮುಖ ಮಾಡಿದ ಅತಿ ಬೆಲೆಯ ಜಾಗ ಶ್ರೀಮಂತರ ಬಂಗಲೆಗಳಿಗೆ ಹೋಗಲಿಲ್ಲ. ನ್ಯಾಯ ಕೇಳುವವರು, ಓದುವ ಹುಡುಗರು, ರೋಗಿಗಳು, ಪುಸ್ತಕ ಹುಡುಕುವವರು ಅಲ್ಲಿಗೆ ಬರುವಂತಾಯಿತು. ಚಾರ್‌ಮಿನಾರಿಗೆ ಹೋಗುವ ಪತ್ತರ್‌ಗಟ್ಟಿಯ ರಸ್ತೆಯನ್ನು ಅಗಲ ಮಾಡಿ ಎರಡೂ ಬದಿಗೆ ಕಲ್ಲಿನ ಕಮಾನುಗಳ ಸಾಲು ಕಟ್ಟಿಸಿದರು. ಕೆಳಗೆ ಅಂಗಡಿ, ಮೇಲೆ ವಾಸ, ಮುಂದೆ ಮಳೆ ಬಿಸಿಲು ತಾಗದ ಪಡಸಾಲೆ. ಪೇಟೆಯ ಹಳೆಯ ಬದುಕಿನ ರೀತಿ ಕೆಡದೆ ಪೇಟೆ ಹೊಸದಾಯಿತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ರಸ್ತೆ ಅಗಲವಾದಾಗ, ಇಕ್ಕಟ್ಟಿನ ಓಣಿಗಳು ತೆರವಾದಾಗ ಮನೆ ಕಳೆದುಕೊಂಡವರು ಬಡವರೇ. ಮಂಡಳಿ ಕೆಲವರಿಗೆ ಬದಲಿ ಮನೆಗಳನ್ನು ಕಟ್ಟಿಸಿಕೊಟ್ಟಿತು. ಆದರೆ ದಂಡೆಯ ಬಳಿ ದುಡಿಮೆಯಿದ್ದವನಿಗೆ ಮೂರು ಮೈಲಿ ಆಚೆಯ ಮನೆ ಎಷ್ಟು ಉಪಯೋಗ? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕನ್ನಂಬಾಡಿಯಲ್ಲೂ ಹೀಗೆಯೇ. 1911ರಲ್ಲಿ ಶುರುವಾದ ಆ ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಅದರ ಸುತ್ತಿನ ಹಳ್ಳಿಗಳೂ ಮುಳುಗಿದವು. ಆ ನೀರಿನಿಂದ ಮಂಡ್ಯದ ಸೀಮೆ ಹಸಿರಾಯಿತು ಎಂಬುದೂ ನಿಜ, ಹಸಿರಾದ ಹೊಲ ಮುಳುಗಿದವರದ್ದಲ್ಲ ಎಂಬುದೂ ನಿಜ.

ಮೈಸೂರಿನ ವರ್ಷಗಳನ್ನು ಎಲ್ಲರೂ ಬಲ್ಲರು. 1912ರಲ್ಲಿ ದಿವಾನರಾದರು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಬ್ಯಾಂಕು, ಭದ್ರಾವತಿ, ಹೀಗೆ ಪಟ್ಟಿ ಉದ್ದವಿದೆ. 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಹೆಚ್ಚಿನ ಪಾಲು ಕೊಡುವ ಬಗ್ಗೆ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಬಿಟ್ಟದ್ದಕ್ಕೆ ಅದೊಂದು ಮುಖ್ಯ ಕಾರಣ. ಯೋಗ್ಯತೆಯೊಂದೇ ಅಳತೆಯಾಗಬೇಕು ಎಂಬುದು ಅವರ ನಿಲುವು. ಸರ್ಕಾರಿ ಶಾಲೆಯಲ್ಲಿ ಕಲಿತು, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಪಡೆದ ನಮ್ಮಲ್ಲಿ ಅನೇಕರು ಒಳಗೆ ಬಂದದ್ದು ಮಿಲ್ಲರ್ ಸಮಿತಿ ತೆರೆದ ದಾರಿಯಿಂದಲೇ. ಈ ವಿಷಯದಲ್ಲಿ ಅವರು ಹೇಳಿದ್ದು ಸರಿಯಲ್ಲ ಎಂದು ನಾನು ತಿಳಿದಿದ್ದೇನೆ. ಹಳ್ಳಿಗೆರೆ ಒಡೆದದ್ದಕ್ಕೆ ಪಟ್ಟಣ ಮುಳುಗಿತು ಎಂದು ಕಂಡುಕೊಂಡವರಿಗೆ, ಎಲ್ಲರೂ ಒಂದೇ ಎತ್ತರದ ನೆಲದಿಂದ ಹೊರಡುವುದಿಲ್ಲ ಎಂಬುದು ಏಕೆ ಕಾಣಲಿಲ್ಲವೋ.

ಹೈದರಾಬಾದನ್ನು ಅವರು ಮರೆಯಲಿಲ್ಲ. 1920ರ ದಶಕದಲ್ಲಿ ಮತ್ತೆ ಅಲ್ಲಿಗೆ ಹೋಗಿ ಒಳಚರಂಡಿಯ ಕೆಲಸಕ್ಕೆ ಸಲಹೆ ಕೊಟ್ಟರು. ಜಲಾಶಯ ಕಟ್ಟಿದರೆ ರಾಜರ ಹೆಸರು ಇಡಬಹುದು, ಗಟಾರಕ್ಕೆ ಯಾರ ಹೆಸರಿಡುತ್ತಾರೆ? ಆದ್ದರಿಂದ ಅದು ಎಲ್ಲ ಊರುಗಳಲ್ಲೂ ಹಿಂದೆ ಬೀಳುವ ಕೆಲಸ. ಅವರು ಬೆನ್ನು ಹತ್ತಿದ್ದು ಅದನ್ನೇ.

ಆಮೇಲೆ ಊರು ಅವರು ಕಟ್ಟಿದ ಲೆಕ್ಕವನ್ನು ಮೀರಿ ಬೆಳೆಯಿತು. ಕೊಳವೆಗಳು ಸಾಲದಾದವು, ಕೊಳಚೆ ಮತ್ತೆ ನದಿಗೆ ಬಿತ್ತು. ಹೈಕೋರ್ಟಿನ ಗುಮ್ಮಟಗಳು ಈಗಲೂ ಚೆಂದ, ಅದರ ಕೆಳಗಿನ ಮೂಸಿಯ ಬಳಿ ಮೂಗು ಮುಚ್ಚಿಕೊಳ್ಳದೆ ನಿಲ್ಲುವಂತಿಲ್ಲ. ನಮ್ಮ ಕಡೆಯಿಂದ ಹೋಗುವ ಬಸ್ಸುಗಳು ನಿಲ್ಲುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣವನ್ನು ಕಟ್ಟಿರುವುದೇ ನದಿಯ ನಡುಗಡ್ಡೆಯ ಮೇಲೆ. ದಂಡೆಯನ್ನು ಚೆಂದ ಮಾಡುವ ಯೋಜನೆಗಳು ಒಂದಾದ ಮೇಲೊಂದು ಬಂದಿವೆ. 2017ರಲ್ಲಿ ಅದಕ್ಕಾಗಿಯೇ ಒಂದು ನಿಗಮವಾಯಿತು. 2024ರಲ್ಲಿ ನದಿಪಾತ್ರದ ಮನೆಗಳ ಗೋಡೆಗಳಿಗೆ ಗುರುತು ಹಾಕಲು ಶುರುಮಾಡಿದಾಗ ದಂಡೆಯ ಓಣಿಗಳಲ್ಲಿ ದೊಡ್ಡ ಗಲಾಟೆಯಾಯಿತು. ನದಿ ಹಸನಾಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ, ಅಲ್ಲಿಂದ ದುಡಿಮೆಗೆ ಬರುವುದು ಹೇಗೆ ಎಂಬುದು ಅಲ್ಲಿನ ಜನರ ಪ್ರಶ್ನೆ. ಇದು 1912ರಷ್ಟೇ ಹಳೆಯ ಪ್ರಶ್ನೆ. 2020ರ ಅಕ್ಟೋಬರ್‌ನ ಮಳೆಗೆ ಮೂಸಿ ಮತ್ತೆ ದಂಡೆಯ ಬಡಾವಣೆಗಳಿಗೆ ನುಗ್ಗಿತ್ತು. ಅದಕ್ಕೆ ನದಿಯೊಂದೇ ಕಾರಣವಲ್ಲ. ಊರು ಬೆಳೆದಂತೆ ಎಷ್ಟೋ ಕೆರೆಗಳ ಅಂಗಳ ಸೈಟುಗಳಾಗಿದ್ದವು, ಆ ನೀರು ಹೋಗಿ ನಿಲ್ಲಲು ಬೇರೆ ಜಾಗ ಉಳಿದಿರಲಿಲ್ಲ.

ಇದನ್ನೆಲ್ಲ ಈ ಸಂಚಿಕೆಯಲ್ಲಿ ಬರೆಯಲು ಇನ್ನೊಂದು ಕಾರಣವುಂಟು. ನಮ್ಮಲ್ಲಿ ನದಿ ಊರ ನಡುವೆ ಹರಿಯುವುದಿಲ್ಲ, ಆದರೆ ಹಾವೇರಿಗೆ ಹೆಗ್ಗೇರಿ ಕೆರೆಯಿದೆ, ರಾಣೆಬೆನ್ನೂರಿಗೆ ದೊಡ್ಡಕೆರೆಯಿದೆ. ಕುಡಿಯುವ ನೀರು ತುಂಗಭದ್ರೆಯಿಂದ ನಲ್ಲಿಗೆ ಬರತೊಡಗಿದ ಮೇಲೆ ಕೆರೆಯ ಕಡೆ ಹೊರಳಿ ನೋಡುವುದನ್ನು ಬಿಟ್ಟಿದ್ದೇವೆ. ಊರು ಬೆಳೆಯುತ್ತ ಕೆರೆಯ ದಂಡೆಯನ್ನು ಮುಟ್ಟುತ್ತಿದೆ. ಕೆರೆ ದಂಡೆಯ ಅಭಿವೃದ್ಧಿ ಎಂಬ ಮಾತು ಬಂದಾಗ ನಮ್ಮ ಕಣ್ಣಿಗೆ ಮೊದಲು ಕಾಣುವುದು ಓಡಾಡುವ ದಾರಿ, ಬಣ್ಣದ ದೀಪ, ದೋಣಿ, ಹೆಸರು ಕೆತ್ತಿದ ಕಮಾನು. ಇವು ಬೇಡವೆಂದು ನಾನು ಹೇಳುತ್ತಿಲ್ಲ, ಸಂಜೆ ಹಿರಿಯರು ಕೂಡಲು ಒಂದು ಕಟ್ಟೆ ಬೇಕೇ ಬೇಕು. ಆದರೆ ಕೆರೆಗೆ ನೀರು ತರುತ್ತಿದ್ದ ಹಳ್ಳ ಎಲ್ಲೆಲ್ಲಿ ಒತ್ತುವರಿಯಾಗಿದೆ, ಕೋಡಿಯ ನೀರು ಹೋಗುವ ಕಾಲುವೆಯ ಮೇಲೆ ಯಾವ ಯಾವ ಸೈಟು ಎದ್ದಿದೆ, ಯಾವ ಓಣಿಯ ಗಟಾರ ಕೆರೆಗೆ ಬೀಳುತ್ತಿದೆ, ದಂಡೆಯಲ್ಲಿ ಈಗ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ದನ ಕುರಿ ನೀರಿಗೆ ಬಿಡುವವರು ಯಾರು ಎಂಬ ನಾಲ್ಕು ಪಟ್ಟಿಗಳು ಮೊದಲು ತಯಾರಾಗಬೇಕು. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ಹಳ್ಳ ಕೊಳ್ಳಗಳ ಗುರುತಿರುವ ಹಳೆಯ ಗ್ರಾಮ ನಕ್ಷೆಗಳು ಭೂಮಾಪನ ಇಲಾಖೆಯಲ್ಲಿವೆ. ನಮ್ಮ ಶಾಲೆಯಿಂದ ಹೋದ ಇಂಜಿನಿಯರುಗಳು, ಸರ್ವೇಯರುಗಳು ಸಾಕಷ್ಟು ಜನ ಇದ್ದಾರೆ, ಮಹೋತ್ಸವಕ್ಕೆ ಬಂದವರು ಒಂದು ದಿನ ಹೆಚ್ಚು ಉಳಿದರೂ ಒಂದು ಕೆರೆಯ ಸುತ್ತ ನಡೆದು ಬರಬಹುದು. ಒಂಬತ್ತನೆಯ ತರಗತಿಯ ಮಕ್ಕಳು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಕೋಡಿ ಎಲ್ಲಿ ಬೀಳುತ್ತಿತ್ತು ಎಂಬುದನ್ನು ಮಾತ್ರ ಊರ ಹಿರಿಯರನ್ನೇ ಕೇಳಬೇಕು, ಅದು ಎಲ್ಲ ನಕ್ಷೆಗಳಲ್ಲಿ ಇರುವುದಿಲ್ಲ.

ವಿಶ್ವೇ‌ಶ್ವರಯ್ಯನವರು ಕೊನೆಯವರೆಗೂ ಹೀಗೆ ಸ್ಥಳಕ್ಕೆ ಹೋಗಿ ನೋಡುವವರಾಗಿಯೇ ಉಳಿದರು. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಎಂದು ತೀರ್ಮಾನಿಸಲು ಸರ್ಕಾರ ಅವರನ್ನೇ ಕೇಳಿತು. ಅವರು ಆರಿಸಿದ ಮೊಕಾಮಾದ ಬಳಿಯೇ ಆ ಸೇತುವೆಯಾಯಿತು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬಿಸಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿಯಿದೆ. ಆ ಬೇಸಿಗೆಯಲ್ಲಿ ಹೈದರಾಬಾದಿನ ಹಳೆಯ ಓಣಿಗಳ ನಲ್ಲಿಗಳಿಗೆ ಬರುತ್ತಿದ್ದುದು ಗಂಡಿಪೇಟೆಯ ನೀರು.